ಕಡಲಿದ್ದವರ ಹಲ್ಲು

ಮೊದಲ ರಾತ್ರಿ ಕನ್ನಡಿಯೆಲ್ಲ ತೊಯ್ದುಹೋಯಿತು,
ಮಗಳ ಹುಬ್ಬು, ಮೂಗು, ಬಲ್ಬಿನ ಬುರುಡೆ,
ಬಾಗಿಲಿಗೆ ನೇತುಹಾಕಿದ್ದ ನನ್ನ ಕಾರ್ಖಾನೆಯ ಏಪ್ರನ್ನು.
ತುಟಿ ಮುಚ್ಚಿಕೊಂಡು ಗುಂಡಿ ಒತ್ತಬೇಕು,
ನೀರು ಬಾಯಂಚಿನಿಂದ ಬೇಸಿನ್ನಿಗೆ ಜಾರಬೇಕು
ಎಂದು ಡಬ್ಬದ ಮೇಲೆ ಚಿತ್ರವೇ ಇತ್ತು.
ಚಿತ್ರ ನೋಡುವ ವಯಸ್ಸೇ, ಹದಿಮೂರು?

ಅಪ್ಪ ಹೊಸಿಲಲ್ಲಿ ನಿಂತು ನಕ್ಕ,
ಮೇಲ್ಸಾಲಿನ ನಾಲ್ಕು ಹಲ್ಲಿಲ್ಲದ ನಗು:
‘ಬಂತು ನೋಡು, ನಮ್ಮ ಕೊಲ್ಲಿಗೆ ತಿಮಿಂಗಿಲ!’

ಆ ನಾಲ್ಕು ಬಿದ್ದವಲ್ಲ, ಕೀಳಿಸಿದವು.
ಹದಿನೇಳರಲ್ಲಿ, ಗೆಳೆಯರ ಜೊತೆ ಸರತಿ ನಿಂತು,
ಒಂದು ಶುಕ್ರವಾರದ ಸಂಬಳ ಸುರಿದು.
ಕೇಪ್ ಟೌನಿನ ನಮ್ಮ ಕೇರಿಗಳಲ್ಲಿ ಅದೊಂದು ಷೋಕಿ.
ಹುಡುಗಿಯರು ತಿರುಗಿ ನೋಡುತ್ತಿದ್ದರಂತೆ.
ಅವ್ವ ನೋಡಿರಬೇಕು, ಅದಕ್ಕೇ ನಾನಿದ್ದೇನೆ.
ಈದ್ ಬಂದರೆ, ಮದುವೆ ಬಂದರೆ
ಲೋಟದಿಂದ ಎದ್ದು ಬರುತ್ತದೆ ಕಟ್ಟಿಸಿದ ಹಲ್ಲು.
ಉಳಿದ ದಿನ ಆ ಸಂದಿ ಸಿಳ್ಳೆಯ ಮನೆ,
ಕಾಲ್ಕ್ ಬೇಯಲ್ಲಿ ದೋಣಿಯಿಂದ ದೋಣಿಗೆ
ಸ್ನೂಕ್ ಮೀನು ಬಂತೆಂದು ಮುಟ್ಟಿಸುವ ಸಿಳ್ಳೆ.

ಮೊಮ್ಮಗಳಿಗೆ ಅದೇ ಜಾಗದಲ್ಲಿ ತಂತಿ.
ತಿಂಗಳಿಗಿಷ್ಟು ಎಂದು ಇಪ್ಪತ್ತಾರು ಕಂತು.
ನಾನು ದಿನವಿಡೀ ಮೀನಿನ ತಲೆ ಕತ್ತರಿಸುತ್ತೇನೆ,
ಒಂದು ಹಲ್ಲಿಗೆ ಎಷ್ಟು ತಲೆ
ಎಂದು ಎಣಿಸುವುದನ್ನು ಬಿಟ್ಟಿದ್ದೇನೆ.
‘ಕೀಳಿಸಲು ನಾನು ಕೊಟ್ಟೆ, ಕೂರಿಸಲು ನೀನು,
ಡಾಕ್ಟರಿಗೆ ಎರಡೂ ಹೊತ್ತು ಊಟ’ ಅಂದ ಅಪ್ಪ.

ಬ್ರಷ್ಷು ಹೊಗಲಾರದ ಓಣಿಗಳು ಆ ಬಾಯಲ್ಲಿ.
ದಾರ ತೂರಿಸಲು ಹೋಗಿ ಇಲ್ಹಾಮ್ ಅತ್ತಿದ್ದಳು,
ತಂತಿಯ ಹಿಂದೆ ಸ್ನೂಕಿನ ಮುಳ್ಳು,
ಮುಳ್ಳಿನ ಸುತ್ತ ಊದಿದ ಒಸಡು.
ಅದಕ್ಕೇ ಈ ಯಂತ್ರ, ಮೇಲ್ವಿಚಾರಕಿ ರುಕೇಯಾಳ ಮಗನದು,
ಅರ್ಧ ಬೆಲೆಗೆ, ಹೊಸ ಮೂತಿ ಹಾಕಿಸಿ.

ಆದರೆ ಅದು ನೀರಿಲ್ಲದ ವರ್ಷ.
ತಲೆಗೆ ಐವತ್ತು ಲೀಟರು,
ಸ್ನಾನ ಎರಡು ನಿಮಿಷ, ಉಗುಳಿದ್ದೂ ಟಬ್ಬಿಗೆ,
ಟಬ್ಬಿನದು ಕಕ್ಕಸಿಗೆ.
ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುತ್ತಾರಲ್ಲ,
ಇಲ್ಲಿ ಕಡಲಿದ್ದವರಿಗೇ ನೀರಿಲ್ಲ.
ಮಗಳು ಯಂತ್ರಕ್ಕೆ ಮೂರು ಲೋಟದ ಬದಲು ಒಂದು ಹಾಕಿ
ಮುಂದಿನ ಹಲ್ಲಷ್ಟೇ ತೊಳೆದು
ಹಿಂದಿನವನ್ನು ನಾಳೆಗಿಟ್ಟಳು.

ಅಪ್ಪನಿಗೆ ತಡೆಯಲಾಗಲಿಲ್ಲ.
ಬಂದರಿನಿಂದ ಐದು ಲೀಟರಿನ ಕ್ಯಾನು ಹೊತ್ತು ತಂದ.
‘ಉಪ್ಪುನೀರು ಒಸಡಿಗೆ ಒಳ್ಳೇದು ಅಂತ
ನಿಮ್ಮ ಡಾಕ್ಟರೇ ಹೇಳಿದ್ದು. ತಗೋ,
ಇದಕ್ಕೆ ಮುನಿಸಿಪಾಲಿಟಿಯ ಮೀಟರಿಲ್ಲ.’

ಒಂಬತ್ತು ರಾತ್ರಿ ಕಡಲು ಅವಳ ಬಾಯಲ್ಲಿ ಮೊರೆಯಿತು.
ಹತ್ತನೆಯದಕ್ಕೆ ಯಂತ್ರ ದಮ್ಮು ಹತ್ತಿದವರಂತೆ ಕೆಮ್ಮಿ,
ಒಂದು ಹನಿ ಚೆಲ್ಲಿ, ಸುಮ್ಮನಾಯಿತು.

ಯಾರೂ ಬೈಯಲಿಲ್ಲ. ಅದೇ ಕಷ್ಟ.
ಇಲ್ಹಾಮ್ ತುಟಿ ಮುಚ್ಚಿಕೊಂಡಳು,
ಚಿತ್ರದಲ್ಲಿ ಹೇಳಿದಂತೆ, ಈಗ.

ಅಪ್ಪ ಅಡುಗೆಮನೆಯ ನೆಲಕ್ಕೆ ಹಳೇ ಪೇಪರು ಹಾಸಿ
ಮೀನಿನ ಚೂರಿಯಲ್ಲೇ ತಿರುಪು ಬಿಚ್ಚಿದ,
ನಲವತ್ತು ವರ್ಷ ದೋಣಿಯ ಇಂಜಿನ್ನು ಬಿಚ್ಚಿದ ಹಾಗೆ,
ಒಂದೊಂದು ಭಾಗವನ್ನೂ ಅದರ ಹೆಸರಿಲ್ಲದೆ ಗುರುತಿಸುತ್ತ.
ಒಳಗೆಲ್ಲ ಉಪ್ಪು, ಗಡ್ಡದಂತೆ.
ವಿನೆಗರಿನಲ್ಲಿ ನೆನೆಹಾಕಿದ.
ಆಮೇಲೆ ಸಿಹಿನೀರು, ಎರಡು ಸಲ.
ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.
ಬೆಳಿಗ್ಗೆ ನೋಡಿದರೆ ಅವನ ಕೆಟಲು ಬೋರಲು,
ಚಹಾದ ಲೋಟ ಒಣಗಿಯೇ ಇತ್ತು.

ಈಗ ರಾತ್ರಿ ಪಾಳಿ ಮುಗಿಸಿ ಬಾಗಿಲು ತೆರೆದರೆ
ಗೋಡೆಯಾಚೆ ಜುಂಯ್ ಎನ್ನುವ ಸದ್ದು,
ಸ್ವಲ್ಪ ಗೊಗ್ಗರು, ಆದರೂ ನಿಲ್ಲದ್ದು.
ಟಬ್ಬಿನ ತಳದಲ್ಲಿ ಉಗುರಿನಷ್ಟು ಮುಳ್ಳು.

‘ಓಪಾ, ನನಗೂ ಸಿಳ್ಳೆ ಕಲಿಸು.’
ಫ್ಸ್... ಫ್ಸ್... ತಂತಿಗೆ ತಾಗಿ ಗಾಳಿ ಚದುರುತ್ತದೆ.
‘ತಂತಿ ಬಿಚ್ಚಲಿ, ಕಲಿಸ್ತೀನಿ.’
‘ಆಗ ಸಂದಿಯೇ ಇರಲ್ವಲ್ಲ?’

ಅಪ್ಪ ಇದನ್ನು ಯೋಚಿಸಿರಲಿಲ್ಲ.
ನಾಲಿಗೆಯಿಂದ ತನ್ನ ಖಾಲಿ ಜಾಗ ಮುಟ್ಟಿ ನೋಡಿಕೊಂಡ.
ಮತ್ತೆ ಕೈ ಮುಂದೆ ಮಾಡಿದ:
‘ಎರಡು ಬೆರಳಿವೆಯಲ್ಲ,
ಬಾಯಿಗಿಡು. ಹೀಗೆ.’

ಇಟ್ಟು ತೋರಿಸಿದವನೇ ಮುಖ ಕಿವಿಚಿದ,
ವಿನೆಗರಿನ ಹುಳಿ ಇನ್ನೂ ಹೋಗಿರಲಿಲ್ಲ.